ಚೆಲ್ಲಿದ ಬೀಜ, ಕೂರಿಗೆಯ ಸಾಲು

ಗದಗ ಸೀಮೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿರುವ ನನಗೆ, ಇಲ್ಲಿ ರೇಡಿಯೊ, ಟಿ.ವಿ.ಗಳಿಗೆ ಸಂಬಂಧಿಸಿ ದಿನವೂ ಕಿವಿಗೆ ಬೀಳುವ ‘ಬ್ರಾಡ್‌ಕಾಸ್ಟ್’ ಎಂಬ ಮಾತು ಮೂಲದಲ್ಲಿ ಒಕ್ಕಲುತನದ್ದೆಂಬ ಸಂಗತಿ ಬಹಳ ಮೆಚ್ಚುಗೆಯಾಗಿದೆ. ಅಗಲಕ್ಕೆ ಎಸೆದದ್ದು ಎಂಬುದು ಅದರ ನೇರ ಅರ್ಥ. 18ನೆಯ ಶತಮಾನದಲ್ಲಿ ಅದು ಬೀಜವನ್ನು ಕೈಯಿಂದ ಹೊಲದ ತುಂಬ ಚೆಲ್ಲುವ ಪದ್ಧತಿಯ ಹೆಸರಾಗಿತ್ತು. ಮುಂದೆ ಸುದ್ದಿ ಹರಡುವುದಕ್ಕೂ ಸಂದು, 1922ರಲ್ಲಿ ಬಿಬಿಸಿಯ ಹೆಸರಿನಲ್ಲಿಯೇ ಸೇರಿತು. ನಮ್ಮ ‘ಬಿತ್ತರಿಸು’ ಕೂಡ ಬಿತ್ತನೆಯನ್ನು ನೆನಪಿಸುತ್ತದೆಯಾದರೂ ಅದು ಸಂಸ್ಕೃತದ ವಿಸ್ತಾರದಿಂದ ಬಂದ ತದ್ಭವ. ‘ಬಿತ್ತು’ ಅಚ್ಚ ದ್ರಾವಿಡ ಪದ.

ನಮ್ಮ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಜೋಳ, ಕಡಲೆಗಳನ್ನು ಹೀಗೆ ಚೆಲ್ಲಿದರೆ ನಡೆಯದು. ಹಿಂಗಾರಿಯಲ್ಲಿ ಮೇಲ್ಮಣ್ಣು ಬೇಗ ಆರುವುದರಿಂದ ಕಾಳು ಹಸಿ ಇರುವ ಆಳಕ್ಕೆ ಇಳಿಯಬೇಕು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು, ಎತ್ತು ಎಳೆಯುವ ಬಿತ್ತನೆಯ ಸಾಧನವಾದ ಕೂರಿಗೆಯ ಬಟ್ಟಲಿಗೆ ಒಂದೇ ಸಮನೆ ಕಾಳು ಬಿಡುತ್ತ ನಡೆದಂತೆ, ಅವು ಬಿದಿರಿನ ಕೊಳವೆಗಳಲ್ಲಿ ಜಾರಿ ನೆಲ ಸೀಳಿದ ಗೆರೆಗಳಲ್ಲಿ ಬೀಳುತ್ತವೆ. ಸಾಲು ನೇರವಾಗಿದ್ದರೆ ತಾನೇ ಮುಂದೆ ಎಡೆಕುಂಟೆ ಹೊಡೆದು ಕಳೆ ತೆಗೆಯುವುದು!

ಇಂಗ್ಲೆಂಡಿನಲ್ಲಿ ಸಾಲು ಬಿತ್ತನೆಯ ಕೀರ್ತಿ 1701ರ ಸುಮಾರಿಗೆ ಯಂತ್ರ ಮಾಡಿದ ಜೆತ್ರೊ ಟಲ್‌ಗೆ ಸಲ್ಲುತ್ತದೆ. ಆದರೆ 1790ರ ದಶಕದಲ್ಲಿ ದಕ್ಷಿಣ ಭಾರತದ ಹೊಲವೊಂದರಲ್ಲಿ ಕೂರಿಗೆ ನಡೆಯುತ್ತಿದ್ದುದನ್ನು ಕಂಡ ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ, ಇದು ಯುರೋಪಿನ ಹೊಸ ಶೋಧವೆಂದು ತಾನು ಅದುವರೆಗೆ ಭಾವಿಸಿದ್ದುದಾಗಿ ಬರೆದಿದ್ದಾನೆ. ಟಲ್‌ನ ಹೆಸರು ಹೇಳುವ ಶಾಲಾ ಪಾಠಗಳಲ್ಲಿ ಈ ಮಾತೂ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೆಲದ ಅಳತೆಯಲ್ಲಿಯೂ ಎರಡು ನಾಡುಗಳ ದಾರಿ ಬೇರೆಯಾಗಿದೆ. ಒಂದು ಜೋಡಿ ಎತ್ತು ದಿನಕ್ಕೆ ಉಳುವಷ್ಟು ಭೂಮಿಯನ್ನು ಇಂಗ್ಲಿಷರು ಎಕರೆ ಎಂದರು. ನಮ್ಮ ಕಡೆಯವರು ‘ಇಷ್ಟು ಕೂರಿಗೆ ಹೊಲ’ ಎಂದು ಬಿತ್ತನೆಯಿಂದಲೇ ಅಳೆದರು. ಎತ್ತಿನ ಬದಲು ಟ್ರ್ಯಾಕ್ಟರ್ ಬಂದ ಮೇಲೂ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಹಾಕುವ ಯಂತ್ರಕ್ಕೆ ಸಂಯುಕ್ತ ಕೂರಿಗೆ ಎಂಬ ಹೆಸರು ಬಂದಿದೆ. ಅದನ್ನು ‘ಸೀಡ್ ಡ್ರಿಲ್’ ಎಂದೇ ಬರೆಯುವವರು ಊರಿನ ಈ ಹೆಸರನ್ನು ಬಳಸಿದರೆ, ಹೊಲದಲ್ಲಿರುವವರಿಗೂ ಓದುವವರಿಗೂ ಅದೇ ತಿಳಿಯುವ ಮಾತು.