ಮುರಕಲ್ಲಿನ ಇಳಿಜಾರಿಗೆ ಗಟ್ಟಿ ಸಸ್ಪೆನ್ಷನ್ ಆಗದು

ಗುಡ್ಡ ಇಳಿಯಲೆಂದೇ ಮಾಡಿದ ಹೊಸ ಡೌನ್‌ಹಿಲ್ ಸೈಕಲ್‌ನ ಸಸ್ಪೆನ್ಷನ್ (ಹೊಡೆತ ತಾಳುವ ಸ್ಪ್ರಿಂಗ್ ವ್ಯವಸ್ಥೆ) ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂದು ನಾನು ಓದಿದ ಲೇಖನವೊಂದರಲ್ಲಿದೆ. ನಮ್ಮ ಕಾಸರಗೋಡಿನ ಗುಡ್ಡಗಳಿಗೆ ಅದು ಹೊಂದುವ ಮಾತಲ್ಲ ಮಾರಾಯ್ರೆ. ಪೊಸಡಿಗುಂಪೆ ಕಡೆಯ ಮುರಕಲ್ಲಿನ (ಒರಟು ಜಂಬಿಟ್ಟಿಗೆ ಕಲ್ಲಿನ) ಮೇಲೆ ಹಾಗೆ ಇಳಿದರೆ ಅಂಗೈ ಜುಮ್ಮೆನ್ನುತ್ತದೆ, ಚಕ್ರ ನೆಲ ಹಿಡಿಯುವುದೇ ಇಲ್ಲ.

ಮೊದಲು ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂದು ನೋಡಿ. ಹೆಲ್ಮೆಟ್, ಮೊಣಕಾಲು ಪ್ಯಾಡ್, ನೀರಿನ ಚೀಲ ಎಲ್ಲ ಹಾಕಿಕೊಂಡು, ಇಳಿಯುವಾಗಿನ ಭಂಗಿಯಲ್ಲೇ ಪೆಡಲ್ ಮೇಲೆ ನಿಂತು ಅಳೆಯಬೇಕು. ಸೀಟಿನಲ್ಲಿ ಕೂತು ಅಳೆದರೆ ಭಾರವೆಲ್ಲ ಹಿಂದಕ್ಕೆ ಹೋಗಿ ಲೆಕ್ಕ ತಪ್ಪುತ್ತದೆ. ಪೂರ್ತಿ ಕುಗ್ಗಬಲ್ಲಷ್ಟರಲ್ಲಿ ಹಿಂದಿನ ಶಾಕ್ (ಹಿಂಚಕ್ರದ ಸ್ಪ್ರಿಂಗ್) ಶೇ. 30, ಮುಂದಿನ ಫೋರ್ಕ್ (ಮುಂಚಕ್ರ ಹಿಡಿದ ಕವಲು) ಶೇ. 20ರ ಆಸುಪಾಸು ಕುಗ್ಗಿದರೆ ಶುರುವಿಗೆ ಸಾಕು. ಲೋಹದ ಸುರುಳಿ ಸ್ಪ್ರಿಂಗಿನ ಕಾಯಿಲ್ ಶಾಕ್ ಆಗಿದ್ದು ತೀರಾ ಕುಗ್ಗುತ್ತಿದ್ದರೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಬಿಗಿ ಮಾಡುವ ತಿರುಪು) ತಿರುಪುತ್ತಾ ಹೋಗಬೇಡಿ, ಸ್ಪ್ರಿಂಗನ್ನೇ ಬದಲಿಸಿ.

ರಿಬೌಂಡ್, ಅಂದರೆ ಕುಗ್ಗಿದ ಸಸ್ಪೆನ್ಷನ್ ಮತ್ತೆ ಮೇಲೇಳುವ ವೇಗದ ವಿಷಯ ಲೇಖನದಲ್ಲಿ ಒಂದೇ ಸಾಲು! ಅದು ತೀರಾ ನಿಧಾನವಿದ್ದರೆ ಸಾಲುಕಲ್ಲಿನ ಹೊಡೆತಕ್ಕೆ ಫೋರ್ಕ್ ಮೇಲೇಳಲು ಪುರುಸೊತ್ತಿಲ್ಲದೆ ಕೆಳಗೇ ಕುಳಿತುಬಿಡುತ್ತದೆ, ಆಮೇಲಿನ ಕಲ್ಲೆಲ್ಲ ನೇರ ಕೈಗೆ. ರಿಬೌಂಡ್ ತಿರುಪನ್ನು ಒಂದೊಂದೇ ಕ್ಲಿಕ್ ಸಡಿಲಿಸಿ, ಅದೇ ಜಾಗದಲ್ಲಿ ಮತ್ತೆ ಇಳಿದು ನೋಡಿ.

ಟೈರಿಗೆ ದಪ್ಪ ಕೇಸಿಂಗ್ (ಟೈರಿನ ಒಡಲು) ಬೇಕೇ ಬೇಕು, ಮುರಕಲ್ಲಿನ ಅಂಚು ಟೈರಿನ ಪಕ್ಕದ ಗೋಡೆಯನ್ನು ಸೀಳುತ್ತದೆ. ಟ್ಯೂಬ್‌ಲೆಸ್ ಆದರೆ ಬೇಸಗೆಯಲ್ಲಿ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಒಣಗಿದೆಯೇ ನೋಡುತ್ತಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಯಾವ ಟೈರೂ ನಿಲ್ಲದು, ಆ ಮಾತು ಬೇರೆ.

ಹೊಸ ಡಿಸ್ಕ್ ಬ್ರೇಕನ್ನು ಮಟ್ಟಸ ರಸ್ತೆಯಲ್ಲಿ, ಚಕ್ರ ಲಾಕ್ ಆಗದಂತೆ ಹತ್ತಿಪ್ಪತ್ತು ಸಲ ಹಿಡಿದು ಪಳಗಿಸಿಕೊಂಡೇ ಗುಡ್ಡ ಹತ್ತಿ.