ಕಿವಿಗೆ ಹರಟೆ, ಕೈಗೆ ಲಾರಿ

ಪಾಡ್‌ಕಾಸ್ಟ್ ಕೇಳುವಾಗ ಕೈ ಸುಮ್ನೆ ಕೂರುವುದಿಲ್ಲ. ಇಬ್ಬರು ಎರಡು ಗಂಟೆ ಹರಟುತ್ತಾರೆ, ಅದರಲ್ಲಿ ಕಾಲು ಭಾಗ ಅವರೇ ನಕ್ಕುಕೊಳ್ಳುವುದರಲ್ಲಿ ಹೋಗುತ್ತದೆ, ಅಷ್ಟು ಹೊತ್ತೂ ಗೋಡೆ ನೋಡಿಕೊಂಡು ಕೇಳಿ ಅಂದರೆ ಯಾರ ಕೈಲಾಗುತ್ತದೆ? ಸ್ವಲ್ಪ ಹೊತ್ತಿಗೆ ಬೆರಳು ತಾನಾಗಿಯೇ ವಾಟ್ಸಾಪ್ ತೆಗೆಯುತ್ತದೆ. ಅಲ್ಲಿ ಒಂದು ಮೆಸೇಜ್ ಓದಲು ಶುರು ಮಾಡಿದರೆ ಮುಗಿಯಿತು, ಕಿವಿಯಲ್ಲಿದ್ದ ಮಾತು ಎಲ್ಲಿಗೋ ಹೋಗಿರುತ್ತದೆ. ಮತ್ತೆ ಹಿಂದಕ್ಕೆ ಎಳೆದು ಕೇಳಬೇಕು. ಅದಕ್ಕೇ ನಾನು ಗೇಮ್ ಹಾಕಿಕೊಳ್ಳುವುದು.

ಎಲ್ಲ ಗೇಮೂ ಇದಕ್ಕೆ ಆಗುವುದಿಲ್ಲ. ತುಂಬಾ ಒಳ್ಳೆಯ ಗೇಮ್ ಅಂತೂ ಆಗುವುದೇ ಇಲ್ಲ, ಅದು ನಮ್ಮನ್ನು ಪೂರ್ತಿ ಕೇಳುತ್ತದೆ. ಗುಂಡು ಹಾರಿಸುವ ಗೇಮಿನಲ್ಲಿ ಹಿಂದಿನಿಂದ ಬರುವ ಹೆಜ್ಜೆ ಸದ್ದು ಕೇಳಿಸಿಕೊಳ್ಳದಿದ್ದರೆ ಕಥೆ ಮುಗಿಯಿತು, ಜೊತೆಗೆ ಆಡುವವರ ಹತ್ತಿರ ಬೈಸಿಕೊಳ್ಳುವುದು ಬೇರೆ. ನಮಗೆ ಬೇಕಾದ್ದು ಅರ್ಧ ಮನಸ್ಸು ಕೊಟ್ಟರೂ ಮುನಿಸಿಕೊಳ್ಳದ ಗೇಮ್.

ನನ್ನ ಪ್ರಕಾರ ಇದರಲ್ಲಿ ದೊಡ್ಡಣ್ಣ ಯೂರೋ ಟ್ರಕ್ ಸಿಮ್ಯುಲೇಟರ್ 2. ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ತಂದದ್ದು, ಇವತ್ತಿಗೂ ಜನ ಓಡಿಸುತ್ತಲೇ ಇದ್ದಾರೆ. ಲೋಡ್ ಹಿಡಿ, ಒಂದೂರಿಂದ ಇನ್ನೊಂದೂರಿಗೆ ಮುಟ್ಟಿಸು, ಅಷ್ಟೇ. ನಕ್ಷೆಯನ್ನು 1:19ಕ್ಕೆ ಕುಗ್ಗಿಸಿದ್ದಾರೆ, ಹಾಗಾಗಿ ಹಾಲೆಂಡ್ ಮುಗಿದು ಜರ್ಮನಿ ಬರುವುದಕ್ಕೆ ಗಂಟೆಗಟ್ಟಲೆ ಬೇಕಾಗುವುದಿಲ್ಲ. ಸಿಗ್ನಲ್ ಹಾರಿದರೆ ದಂಡ, ಕ್ಯಾಮೆರಾ ಮುಂದೆ ಸ್ಪೀಡ್ ಜಾಸ್ತಿಯಾದರೂ ದಂಡ. ತುಂಬಾ ಹೊತ್ತು ಓಡಿಸಿದರೆ ಡ್ರೈವರ್ ಆಕಳಿಸುತ್ತಾನೆ, ಎಲ್ಲಾದರೂ ನಿಲ್ಲಿಸಿ ಮಲಗಿಸಬೇಕು. ಕೋಲಾರದಿಂದ ಮುಳಬಾಗಿಲು ಕಡೆ ಹೆದ್ದಾರಿಯಲ್ಲಿ ಗಾಡಿ ಓಡಿಸಿದವರಿಗೆ ಇದು ಸ್ವರ್ಗ. ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್ ಬರುವುದಿಲ್ಲ, ಟೊಮೆಟೊ ಕ್ರೇಟ್ ತುಂಬಿಕೊಂಡ ಪಿಕಪ್ ಹಾರ್ನ್ ಬಡಿಯುತ್ತಾ ಬೆನ್ನಿಗೆ ಬೀಳುವುದಿಲ್ಲ, ನಡು ರಸ್ತೆಯಲ್ಲಿ ಎಮ್ಮೆ ನಿಂತು ಯೋಚನೆ ಮಾಡುವುದಿಲ್ಲ. ಕಿವಿ ಪೂರ್ತಿ ಬಿಡುವು.

ಇದರಲ್ಲೊಂದು ತಮಾಷೆ ಇದೆ. ಏನು ಕೇಳಿದೆವೋ ಅದು ಎಲ್ಲಿ ಓಡಿಸುತ್ತಿದ್ದೆವೋ ಅಲ್ಲಿಗೇ ಅಂಟಿಕೊಂಡುಬಿಡುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ನ ಚಿನ್ನದ ಗಣಿಗೆ, ಹೆಚ್ಚೂಕಡಿಮೆ 150 ಕಿ.ಮೀ. ತಂತಿ ಎಳೆದು ಕರೆಂಟ್ ತಂದ ಕಥೆಯನ್ನು ನಾನು ಕೇಳಿದ್ದು ರಾಟರ್‌ಡ್ಯಾಮ್ ಬಿಟ್ಟು ಡೂಯಿಸ್‌ಬರ್ಗ್ ಕಡೆ ಹೋಗುತ್ತಿದ್ದಾಗ. ಈಗ ಯಾರಾದರೂ ಕೆಜಿಎಫ್ ಅಂದರೆ ಸಾಕು, ಗಣಿಯ ಕಸ ಸುರಿದ ಸೈನೈಡ್ ದಿಬ್ಬ ನೆನಪಾಗುವ ಬದಲು ಮಳೆಯಲ್ಲಿ ನೆನೆದ ಡಚ್ ಹೆದ್ದಾರಿ ಕಣ್ಣ ಮುಂದೆ ಬರುತ್ತದೆ. ನಮ್ಮನೆಯಿಂದ ಬಸ್ಸು ಹತ್ತಿದರೆ ಗಂಟೆಯ ದಾರಿ ಕೆಜಿಎಫ್!

ಎರಡನೆಯದು ಪವರ್‌ವಾಶ್ ಸಿಮ್ಯುಲೇಟರ್. ಇದನ್ನು ಬಾಯಿಬಿಟ್ಟು ವಿವರಿಸಿದರೆ ಜನ ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಕೊಳೆ ಹಿಡಿದ ವ್ಯಾನ್, ಅಂಗಳ, ಆಟದ ಮೈದಾನ, ಇವುಗಳಿಗೆ ಜೋರು ನೀರು ಹೊಡೆದು ತೊಳೆಯುವುದು. ಒಂದೊಂದು ಭಾಗ ಪೂರ್ತಿ ಸ್ವಚ್ಛವಾದಾಗಲೂ ಒಂದು ಸಲ ಮಿಂಚಿ 'ಟಿಣ್' ಅನ್ನುತ್ತದೆ. ಆ ಟಿಣ್‌ಗೆ ಇರುವ ಮಜಾ ಹೇಳತೀರದು. ಅಮ್ಮ ಒಂದು ದಿನ ಹಿಂದೆ ನಿಂತು ನೋಡಿ, "ಅಲ್ಲಪ್ಪಾ, ಅಷ್ಟೊಂದು ನೀರು ಬಿಡ್ತಿದೀಯಲ್ಲ, ಟ್ಯಾಂಕರ್‌ನವನಿಗೆ ದುಡ್ಡು ಯಾರು ಕೊಡ್ತಾರೆ?" ಅಂದರು. ಬೋರ್‌ವೆಲ್ ಎಷ್ಟು ಅಡಿ ಹೋಯಿತು ಅನ್ನುವುದೇ ದಿನದ ಮಾತಾಗಿರುವ ಕೋಲಾರದಲ್ಲಿ ಕೂತು ಆಡುವ ಗೇಮ್ ಅಲ್ಲ ಇದು, ನಿಜ. ಬಹುಶಃ ಅದಕ್ಕೇ ಇಷ್ಟು ಹಿತ.

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ನನಗೆ ಎರಡು ಮನಸ್ಸು. ಒಬ್ಬನೇ ವ್ಯಕ್ತಿ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಗೇಮ್. ನೀರು ಹಾಕುವುದು, ಕೊಯ್ಯುವುದು, ಇಲ್ಲಿಯವರೆಗೆ ಪಾಡ್‌ಕಾಸ್ಟಿಗೆ ಸರಿಹೋಗುತ್ತದೆ. ಊರಿನವರು ಸಿಕ್ಕಿ ಮಾತಿಗಿಳಿದರೆ ಮಾತ್ರ ಅವರದ್ದು ಓದಬೇಕು, ಆಗ ಪಾಡ್‌ಕಾಸ್ಟಿನವರದ್ದು ನಿಲ್ಲಿಸಬೇಕು. ಮೀನು ಹಿಡಿಯುವಾಗಲಂತೂ ಉಸಿರೂ ಬಿಡುವ ಹಾಗಿಲ್ಲ. ಆದರೆ ಅಲ್ಲಿಯ ಟೊಮೆಟೊ ರೇಟು ನೋಡಬೇಕು ನೀವು. ಸಾದಾ ಹಣ್ಣು ಒಂದಕ್ಕೆ 60 ಚಿನ್ನದ ನಾಣ್ಯ. ಬೇಸಿಗೆ ಮೊದಲ ದಿನವೂ 60, ಕೊನೆಯ ದಿನವೂ 60, ನೀವು ಹೊಲದ ತುಂಬಾ ಬೆಳೆದು ತಂದು ಸುರಿದರೂ 60. ಎಪಿಎಂಸಿ ಮುಂದೆ ಕ್ರೇಟ್ ಇಳಿಸಿ ಹರಾಜು ಕೂಗುವವನ ಬಾಯನ್ನೇ ನೋಡುತ್ತಾ ನಿಂತವರಿಗೆ ಇದನ್ನು ಹೇಳಿ ನೋಡಿ.

ಪದ ಹುಡುಕುವ ಗೇಮ್‌ಗಳನ್ನು ದೂರ ಇಡಿ. ಅಲನ್ ಬ್ಯಾಡ್‌ಲಿ ಮತ್ತು ಗ್ರಹಾಂ ಹಿಚ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲೇ ಹೇಳಿದ್ದಾರೆ, ಮಾತನ್ನು ಕ್ಷಣಕಾಲ ಹಿಡಿದಿಡುವ ಜಾಗ ಬೇರೆ, ಆಕಾರ ಮತ್ತು ಜಾಗಗಳನ್ನು ಹಿಡಿದಿಡುವ ಜಾಗ ಬೇರೆ ಅಂತ. ಟೆಟ್ರಿಸ್‌ನ ಇಟ್ಟಿಗೆ ತಿರುಗಿಸುತ್ತಾ ಚೋಳರ ಇತಿಹಾಸ ಕೇಳಬಹುದು. ಅಕ್ಷರ ಜೋಡಿಸುತ್ತಾ ಕೇಳಿದರೆ ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಳ್ಳುತ್ತವೆ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಜನರಿಗೆ ಬೋರ್ ಹೊಡೆಸುವ ಒಂದು ಫೋನ್ ಸಂದೇಶ ಕೇಳಿಸಿ, ಅರ್ಧ ಜನರ ಕೈಗೆ ಪೆನ್ಸಿಲ್ ಕೊಟ್ಟು ಕಾಗದದ ಮೇಲಿನ ಆಕಾರಗಳಿಗೆ ಬಣ್ಣ ತುಂಬಿಸಿದರು. ಹಾಗೆ ಗೀಚುತ್ತಾ ಕೇಳಿದವರಿಗೆ 29% ಜಾಸ್ತಿ ನೆನಪಿತ್ತು. ಗೀಚುವುದೂ ಲಾರಿ ಓಡಿಸುವುದೂ ಒಂದೇ ಅಂತ ನಾನು ವಾದ ಮಾಡುವುದಿಲ್ಲ. ಆದರೆ ನಮ್ಮ ಕಡೆ ಚಳಿಗಾಲದಲ್ಲಿ ಹೆಂಗಸರು ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು, ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರಿಸುತ್ತಾ, ಊರಿನ ಸುದ್ದಿಯನ್ನೆಲ್ಲಾ ಒಂದು ಹೆಸರೂ ತಪ್ಪದಂತೆ ಕೇಳಿಸಿಕೊಳ್ಳುವುದನ್ನು ನೋಡಿದ್ದರೆ ಆ ಪ್ರಯೋಗದ ಫಲಿತಾಂಶ ಏನೂ ಆಶ್ಚರ್ಯ ಅನ್ನಿಸುವುದಿಲ್ಲ.

ಗೇಮಿನ ಸಂಗೀತ ಆಫ್ ಮಾಡಿ, ಉಳಿದ ಸದ್ದು ಸಣ್ಣಗೆ ಇರಲಿ. ಲಾರಿಯ ಗುರ್ ಗುರ್ ಇಲ್ಲದಿದ್ದರೆ ಎಷ್ಟು ಸ್ಪೀಡಲ್ಲಿದ್ದೀವಿ ಅಂತಲೇ ಗೊತ್ತಾಗುವುದಿಲ್ಲ. ಬೆಂಗಳೂರು ಬಸ್ಸಲ್ಲಿ ಕಂಬಿ ಹಿಡಿದು ನಿಂತವರಿಗೆ ಅಂಕಿ ಜೋಡಿಸುವ 2048 ಅನ್ನುವ ಗೇಮ್ ಸಾಕು, ಒಂದೇ ಹೆಬ್ಬೆರಳಲ್ಲಿ ಆಗುತ್ತದೆ. ನನ್ನ ಅಕ್ಕನ ಮಗ ಮೊಬೈಲಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಹಾಕಿಕೊಂಡು, ಬಸ್ಸಿಗೆ ನಮ್ಮ ಕೆಎಸ್‌ಆರ್‌ಟಿಸಿಯ ಕೆಂಪು ಬಣ್ಣ ಹಚ್ಚಿ ಓಡಿಸುತ್ತಾನೆ. ಪಾಡ್‌ಕಾಸ್ಟ್ ಕೇಳೋ ಅಂದರೆ, "ಮಾವ, ಡ್ರೈವರ್ ಫೋನಲ್ಲಿ ಮಾತಾಡ್ಬಾರ್ದು" ಅನ್ನುತ್ತಾನೆ.

ಒಂದೊಂದು ಸಲ ಪಾಡ್‌ಕಾಸ್ಟೇ ಗೆದ್ದುಬಿಡುತ್ತದೆ. ಮೊನ್ನೆ ಹಾಗೇ ಆಯಿತು, ಲಾರಿಯನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆನ್ ಇಟ್ಟುಕೊಂಡೇ ಸಂಚಿಕೆ ಮುಗಿಸಿದೆ, ಲೋಡ್ ಲೇಟಾಯಿತು ಅಂತ ದುಡ್ಡು ಕತ್ತರಿಸಿದರು. ಆ ಸಂಚಿಕೆಯನ್ನು ಎಲ್ಲರಿಗೂ ಕಳಿಸಿದ್ದೇನೆ. ಅದರ ಹಿಂದಿನ ವಾರದ್ದನ್ನು ಕೇಳುತ್ತಾ ಇಡೀ ಫೈರ್ ಸ್ಟೇಷನ್ ತೊಳೆದು ಮುಗಿಸಿದ್ದೆ, ಅದನ್ನು ಯಾರಿಗೂ ಕಳಿಸಿಲ್ಲ.