ಸ್ವಲ್ಪ ದಿನದ ಮಟ್ಟಿಗೆ

ಹೋದ ವಾರ ಹಳೆಯ ಗೆಳೆಯನೊಬ್ಬ ರಾತ್ರಿ ಫೋನ್ ಮಾಡಿದ್ದ. ಮಾತು ಎಲ್ಲೆಲ್ಲೋ ಸುತ್ತಿ ರಾಜಕೀಯಕ್ಕೆ ಬಂತು. ಅವನಿಗೆ ರೋಸಿಹೋಗಿತ್ತು. ಸದನದಲ್ಲಿ ಬರೀ ಗಲಾಟೆ, ಟಿವಿಯಲ್ಲಿ ಬರೀ ಕಿರುಚಾಟ, ಒಂದು ಕೆಲಸವೂ ಮುಂದಕ್ಕೆ ಹೋಗಲ್ಲ ಅಂತ ಅವನ ಸಂಕಟ. ಕೊನೆಗೆ ಹೇಳಿದ: "ಒಬ್ಬ ಗಟ್ಟಿ ಮನುಷ್ಯನ ಕೈಗೆ ಎಲ್ಲಾ ಕೊಟ್ಟುಬಿಡಬೇಕು ಕಣೋ. ಜಾಸ್ತಿ ಬೇಡ, ಸ್ವಲ್ಪ ದಿನದ ಮಟ್ಟಿಗೆ. ಆ ಕಡೆಯವರನ್ನ ಒಂದು ಸಲ ಮಟ್ಟ ಹಾಕಿದ್ರೆ ಸಾಕು. ಆಮೇಲೆ ಎಲ್ಲಾ ಮೊದಲಿನ ಹಾಗೇ ನಡೀಲಿ."

ಅವನು ಕೆಟ್ಟವನಲ್ಲ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ, ಅವರ ಮನೆಯವರು ಬರುವ ತನಕ ಅಲ್ಲೇ ಕೂರುವ ಮನುಷ್ಯ. ಅದಕ್ಕೇ ಆ ಮಾತು ನನ್ನನ್ನು ಬಿಡಲಿಲ್ಲ. ಸರ್ವಾಧಿಕಾರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಟ್ಯಾಂಕು, ಬೂಟು, ಸೆರೆಮನೆ. ಅವೆಲ್ಲ ಬರುವುದು ಕೊನೆಗೆ. ಅದಕ್ಕೂ ಮುಂಚೆ ಒಳ್ಳೆಯ ಜನ ಬೇಸತ್ತು "ಸ್ವಲ್ಪ ದಿನದ ಮಟ್ಟಿಗೆ" ಅಂತ ಒಪ್ಪಿಕೊಂಡಿರುತ್ತಾರೆ. ಈ ನಾಲ್ಕೈದು ದಿನ ಅದನ್ನೇ ಯೋಚಿಸುತ್ತಿದ್ದೇನೆ. ಬರೆಯದೆ ಸಮಾಧಾನ ಆಗುವುದಿಲ್ಲ.

ಚಿಲಿ ದೇಶದ ಕತೆಯಿಂದ ಶುರು ಮಾಡುತ್ತೇನೆ. 1970ರ ಚುನಾವಣೆಯಲ್ಲಿ ಎಡಪಕ್ಷಗಳ ಸಾಲ್ವದೋರ್ ಅಯೆಂದೆ ಅವರಿಗೆ ಬಿದ್ದಿದ್ದು ನೂರಕ್ಕೆ ಸುಮಾರು 36 ಓಟು. ಬಲಪಂಥದ ಅಭ್ಯರ್ಥಿಗೆ ಸುಮಾರು 35. ಮಧ್ಯದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟರಿಗೆ 28ರ ಹತ್ತಿರ. ದೇಶ ಮೂರು ಪಾಲಾಗಿತ್ತು. ಯಾರಿಗೂ ಬಹುಮತ ಇಲ್ಲದ್ದರಿಂದ ಸಂಸತ್ತು ಅಧ್ಯಕ್ಷರನ್ನು ಆರಿಸಬೇಕಾಯಿತು. ಸಂವಿಧಾನಕ್ಕೆ ಬದ್ಧರಾಗಿರುತ್ತೀರಿ ಅಂತ ಬರೆದುಕೊಡಿ ಎಂದು ಹಟ ಹಿಡಿದು, ಅದಾದ ಮೇಲೆ ಕ್ರಿಶ್ಚಿಯನ್ ಡೆಮಾಕ್ರಟರೇ ಅಯೆಂದೆಗೆ ಬೆಂಬಲ ಕೊಟ್ಟರು. ಅಲ್ಲಿಗೆ ವ್ಯವಸ್ಥೆ ಸರಿಯಾಗೇ ಕೆಲಸ ಮಾಡಿತ್ತು.

ಮುಂದಿನ ಮೂರು ವರ್ಷದಲ್ಲಿ ಆ ದೇಶ ಎರಡು ಹೋಳಾಯಿತು. ಎಡದವರು ಎದುರಾಳಿಗಳನ್ನು 'ಮೋಮಿಯೊ' ಅನ್ನುತ್ತಿದ್ದರು. ಮಮ್ಮಿ ಅಂತ ಅರ್ಥ, ಬಟ್ಟೆ ಸುತ್ತಿಟ್ಟ ಹಳೇ ಹೆಣ. ಹೆಣದ ಜೊತೆ ಯಾರು ಚರ್ಚೆ ಮಾಡುತ್ತಾರೆ ಹೇಳಿ. ಬೆಲೆ ದಿನದಿನಕ್ಕೆ ಏರುತ್ತಿತ್ತು, ಅಂಗಡಿಗಳ ಮುಂದೆ ಉದ್ದುದ್ದ ಸಾಲು, 1972ರ ಅಕ್ಟೋಬರ್‌ನಲ್ಲಿ ಲಾರಿ ಮಾಲೀಕರ ಮುಷ್ಕರ. ಸರ್ಕಾರದ ವಿರೋಧಿ ಹೆಂಗಸರು ಸೈನಿಕರ ಮುಂದೆ ಜೋಳದ ಕಾಳು ಎರಚಿದರು. ಅಲ್ಲಿನ ಮಾತಿನಲ್ಲಿ ಹೇಡಿಗೆ ಕೋಳಿ ಅನ್ನುತ್ತಾರೆ. ನೀವು ಗಂಡಸರಾಗಿದ್ದರೆ ಈ ಸರ್ಕಾರವನ್ನು ಕೆಡವಿ, ಇಲ್ಲದಿದ್ದರೆ ಕಾಳು ಹೆಕ್ಕಿ ಅಂತ. ಆ ದೃಶ್ಯ ಓದಿದಾಗೆಲ್ಲ ನನಗೆ ಎದೆ ಝಲ್ ಅನ್ನುತ್ತದೆ. ಮನೆಯ ಮುಂದೆ ತರಕಾರಿಗೆ ಚೌಕಾಸಿ ಮಾಡುವಂಥ ಸಾಮಾನ್ಯ ಹೆಂಗಸರು, ಬಂದೂಕು ಹಿಡಿದವರನ್ನು ಕೈಯಾರೆ ಕರೆಯುತ್ತಿದ್ದಾರೆ.

ಅಮೆರಿಕ ಅಯೆಂದೆ ವಿರುದ್ಧ ದುಡ್ಡು ಸುರಿಯುತ್ತಿತ್ತು ಅನ್ನೋದೂ ನಿಜ. ಅದನ್ನು ಮರೆಯಬಾರದು. ಆದರೆ ಹೊರಗಿನ ನೀರು ಒಳಗೆ ಬರೋದಕ್ಕೆ ಗೋಡೆಯಲ್ಲಿ ಬಿರುಕು ಇರಲೇಬೇಕಲ್ವಾ?

1973ರ ಆಗಸ್ಟ್ 17ರ ರಾತ್ರಿ ಚರ್ಚಿನ ಕಾರ್ಡಿನಲ್ ತಮ್ಮ ಮನೆಗೆ ಇಬ್ಬರನ್ನು ಊಟಕ್ಕೆ ಕರೆದರು. ಒಬ್ಬರು ಅಧ್ಯಕ್ಷ ಅಯೆಂದೆ. ಇನ್ನೊಬ್ಬರು ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದ ಮುಖ್ಯಸ್ಥ ಪತ್ರಿಸಿಯೋ ಐಲ್ವಿನ್. ಒಂದೇ ಮೇಜಿನ ಮುಂದೆ ಕೂತರು, ಮಾತಾಡಿದರು, ಎದ್ದು ಹೋದರು. ರಾಜಿ ಆಗಲಿಲ್ಲ. ಐದು ದಿನ ಬಿಟ್ಟು ಸಂಸತ್ತಿನ ಕೆಳಮನೆ, ಸರ್ಕಾರ ಸಂವಿಧಾನ ಮುರಿಯುತ್ತಿದೆ ಅಂತ 81-47 ಮತಗಳಿಂದ ನಿರ್ಣಯ ಮಾಡಿತು. ಮರುದಿನ ಅಯೆಂದೆ ಹೊಸ ಸೇನಾ ಮುಖ್ಯಸ್ಥನನ್ನು ನೇಮಿಸಿದರು. ಆತನ ಹೆಸರು ಅಗಸ್ಟೋ ಪಿನೊಚೆ. ಆ ಊಟ ಮುಗಿದ 25ನೇ ದಿನ, ಸೆಪ್ಟೆಂಬರ್ 11ರಂದು, ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳು ಬಾಂಬ್ ಹಾಕಿದವು. ಅಯೆಂದೆ ಒಳಗೇ ಸತ್ತರು.

ಐಲ್ವಿನ್ ಮತ್ತು ಅವರ ಪಕ್ಷದ ಬಹುಪಾಲು ನಾಯಕರು ಆಗ ಸೇನೆಯನ್ನು ಸಮರ್ಥಿಸಿಕೊಂಡರು. ಸೈನಿಕರು ಮನೆ ಗುಡಿಸಿ, ಚುನಾವಣೆ ನಡೆಸಿ, ಬ್ಯಾರಕ್ಕಿಗೆ ವಾಪಸ್ ಹೋಗುತ್ತಾರೆ ಅನ್ನೋ ನಂಬಿಕೆ. ಅವರದೇ ಪಕ್ಷದ 13 ಮಂದಿ ಮಾತ್ರ ಎರಡೇ ದಿನದಲ್ಲಿ ಸಹಿ ಹಾಕಿ, ಇದು ತಪ್ಪು ಅಂದರು. ಅವರ ಮಾತು ಕೇಳುವವರು ಇರಲಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ಚಿಲಿಯ ಅಂದಿನ ಸಂವಿಧಾನದ ಪ್ರಕಾರ ಅಧ್ಯಕ್ಷರ ಅವಧಿ ಆರು ವರ್ಷ. ಮುಗಿದ ಕೂಡಲೇ ಮತ್ತೆ ನಿಲ್ಲುವ ಹಾಗಿಲ್ಲ. ಅಂದರೆ ಅಯೆಂದೆ 1976ರಲ್ಲಿ ಹೇಗಿದ್ದರೂ ಮನೆಗೆ ಹೋಗುತ್ತಿದ್ದರು. ವಿರೋಧಿಗಳು ಕಾಯಬೇಕಿದ್ದಿದ್ದು ಮೂರು ವರ್ಷ. ಆ ಮೂರು ವರ್ಷ ಸಹಿಸೋಕೆ ಆಗಲ್ಲ ಅಂತ ಒಪ್ಪಿಕೊಂಡಿದ್ದಕ್ಕೆ ಅವರಿಗೆ ಸಿಕ್ಕಿದ್ದು ಪಿನೊಚೆಯ ಹದಿನಾರೂವರೆ ವರ್ಷ. ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಅಥವಾ ಕಾಣೆಯಾದರು. 1977ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷವನ್ನೇ ನಿಷೇಧಿಸಿದರು.

ನನ್ನ ಇಡೀ ಮಾತು ಇಷ್ಟೇ. ಒಡೆದ ದೇಶದಲ್ಲಿ ಜನಕ್ಕೆ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಎದುರು ಪಕ್ಷದವನು ಶಾಶ್ವತ ಅಪಾಯ ಅನ್ನಿಸುತ್ತಾನೆ, ಅವನನ್ನು ಮಟ್ಟ ಹಾಕಲು ಬಂದವನು ನಾಲ್ಕು ದಿನದ ನೆಂಟ ಅನ್ನಿಸುತ್ತಾನೆ. ನಿಜದಲ್ಲಿ ಓಟಿಗೆ ನಿಂತು ಗೆದ್ದವನು ಮುಂದಿನ ಓಟಿನಲ್ಲಿ ಸೋಲಬಹುದು. ಓಟನ್ನೇ ನಿಲ್ಲಿಸಲು ಬಂದವನನ್ನು ಕಳಿಸೋದು ಹೇಗೆ?

ಜರ್ಮನಿಯಲ್ಲೂ ಇದೇ ಆಗಿದ್ದು. ಅಲ್ಲಿ ಹಿಟ್ಲರ್ ಬಹುಮತದಿಂದ ಗೆದ್ದು ಬಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. 1932ರ ನವೆಂಬರ್ ಚುನಾವಣೆಯಲ್ಲಿ ಅವನ ಪಕ್ಷದ ಓಟು ಜುಲೈಗಿಂತ ಕಡಿಮೆಯಾಗಿ ನೂರಕ್ಕೆ 33ಕ್ಕೆ ಇಳಿದಿತ್ತು. ಸೀಟು 196. ಅದೇ ಚುನಾವಣೆಯಲ್ಲಿ ಎಡದ ಎರಡು ಪಕ್ಷಗಳ ಪೈಕಿ ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಕೂಡಿಸಿ ನೋಡಿ, 221. ಕೂಡಿಸುವವರು ಯಾರು? ಅವರಿಬ್ಬರ ನಡುವೆ ರಕ್ತ ಹರಿದಿತ್ತು. 1919ರಲ್ಲಿ ಸೋಷಿಯಲ್ ಡೆಮಾಕ್ರಟ್ ಸರ್ಕಾರ ಇದ್ದಾಗಲೇ ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಕೊಲೆಯಾಗಿದ್ದರು. ಕಮ್ಯುನಿಸ್ಟರು ಅದನ್ನು ಮರೆಯಲಿಲ್ಲ, ಮರೆಯೋದು ಸುಲಭವೂ ಅಲ್ಲ. ಆದರೆ ಆ ಸಿಟ್ಟು ಎಲ್ಲಿಗೆ ಮುಟ್ಟಿತು ಅಂದರೆ, ಸೋಷಿಯಲ್ ಡೆಮಾಕ್ರಟರನ್ನೇ 'ಸೋಷಿಯಲ್ ಫ್ಯಾಸಿಸ್ಟರು' ಅಂತ ಕರೆದರು. 1931ರಲ್ಲಿ ಜರ್ಮನಿಯ ದೊಡ್ಡ ರಾಜ್ಯ ಪ್ರಷ್ಯದಲ್ಲಿ ಸೋಷಿಯಲ್ ಡೆಮಾಕ್ರಟರ ನೇತೃತ್ವದ ಸರ್ಕಾರವನ್ನು ಇಳಿಸುವ ಜನಮತಗಣನೆಯಲ್ಲಿ ನಾಜಿಗಳ ಜೊತೆಗೇ ನಿಂತರು. ಹಿಟ್ಲರ್ ಬಂದರೂ ಜಾಸ್ತಿ ದಿನ ಬಾಳಲ್ಲ, ಆಮೇಲೆ ನಮ್ಮ ಸರದಿ ಅನ್ನೋ ನಂಬಿಕೆ.

ಬಲದ ಕಡೆಯ ಸಿರಿವಂತರದ್ದೂ ಅದೇ ನಂಬಿಕೆ, ಬೇರೆ ದಿಕ್ಕಿನಿಂದ. 1933ರ ಜನವರಿ 30ಕ್ಕೆ ಹಿಟ್ಲರ್‌ನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಮಾಡಿದಾಗ ಸಂಪುಟದಲ್ಲಿ ಅವನನ್ನೂ ಸೇರಿಸಿ ನಾಜಿಗಳು ಮೂವರೇ. ಉಳಿದವರೆಲ್ಲ ಹಳೇ ಕುಳಗಳು. ಉಪ ಚಾನ್ಸಲರ್ ಫಾನ್ ಪಾಪೆನ್, ಎರಡು ತಿಂಗಳಲ್ಲಿ ಇವನನ್ನು ಮೂಲೆಗೆ ಒತ್ತಿಬಿಡುತ್ತೇವೆ ಅಂತ ಲೆಕ್ಕ ಹಾಕಿದ್ದ. ಒಂದು ತಿಂಗಳೂ ಆಗಲಿಲ್ಲ, ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆ. ಮಾತಾಡುವ ಹಕ್ಕು, ಸಭೆ ಸೇರುವ ಹಕ್ಕು, ಪತ್ರಿಕೆಯ ಹಕ್ಕು ಎಲ್ಲಾ 'ಸದ್ಯಕ್ಕೆ' ಅಮಾನತು. ಆ ಸದ್ಯ 1945ರ ತನಕ ಮುಗಿಯಲೇ ಇಲ್ಲ.

ಮಾರ್ಚ್ 23ಕ್ಕೆ ಒಂದು ಒಪೆರಾ ಮಂದಿರದಲ್ಲಿ ಸಂಸತ್ತು ಸೇರಿತು. ಒಳಗೆಲ್ಲ ನಾಜಿಗಳ ಕಂದು ಅಂಗಿಯ ಪಡೆ ನಿಂತಿತ್ತು. 81 ಕಮ್ಯುನಿಸ್ಟ್ ಸದಸ್ಯರಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ. ಸಂಸತ್ತನ್ನು ಕೇಳದೆಯೇ ಸರ್ಕಾರ ಕಾನೂನು ಮಾಡಬಹುದು ಅನ್ನುವ ಮಸೂದೆ ಮೇಜಿನ ಮೇಲಿತ್ತು. ಅದರಲ್ಲೂ ಅವಧಿ ಬರೆದಿತ್ತು ನೋಡಿ, ನಾಲ್ಕು ವರ್ಷ ಮಾತ್ರ ಅಂತ. ಪರವಾಗಿ 444, ವಿರುದ್ಧ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟರು. ಕ್ಯಾಥೊಲಿಕ್ ಸೆಂಟರ್ ಪಕ್ಷ ಬಾಯಿಮಾತಿನ ಭರವಸೆ ನಂಬಿ 'ಹೌದು' ಅಂದಿತು. ಜುಲೈ ಹೊತ್ತಿಗೆ ಆ ಪಕ್ಷವೂ ಇರಲಿಲ್ಲ.

ಕಮ್ಯುನಿಸ್ಟ್ ನಾಯಕ ಅರ್ನ್ಸ್ಟ್ ಥೇಲ್ಮನ್‌ರನ್ನು 1933ರಲ್ಲೇ ಹಿಡಿದು ಒಳಗೆ ಹಾಕಿದರು. ಸಂಸತ್ತಿನಲ್ಲಿ ಸೋಷಿಯಲ್ ಡೆಮಾಕ್ರಟರ ಮುಖಂಡರಾಗಿದ್ದ ರುಡಾಲ್ಫ್ ಬ್ರೈಟ್‌ಶೈಡ್ ಫ್ರಾನ್ಸಿಗೆ ಓಡಿಹೋದರೂ ಕೊನೆಗೆ ಸಿಕ್ಕಿಬಿದ್ದರು. ಇಬ್ಬರೂ ಸತ್ತಿದ್ದು ಒಂದೇ ಕಡೆ, ಬುಖೆನ್‌ವಾಲ್ಡ್ ಶಿಬಿರದಲ್ಲಿ. ಒಂದೇ ತಿಂಗಳಲ್ಲಿ, 1944ರ ಆಗಸ್ಟ್. ಥೇಲ್ಮನ್‌ರನ್ನು ಗುಂಡಿಟ್ಟು ಕೊಂದರು, ಬ್ರೈಟ್‌ಶೈಡ್ ವಿಮಾನ ದಾಳಿಯಲ್ಲಿ ಹೋದರು. ಇಬ್ಬರೂ ಒಂದೇ ದಾಳಿಯಲ್ಲಿ ಸತ್ತರು ಅಂತ ಸರ್ಕಾರ ಸುಳ್ಳು ಪ್ರಕಟಣೆ ಕೊಟ್ಟಿತು. ಹನ್ನೆರಡು ವರ್ಷ ಮುಂಚೆ ಆ ಎರಡು ಪಕ್ಷಗಳು ಒಂದು ಪತ್ರಕ್ಕೆ ಜೊತೆಯಾಗಿ ಸಹಿ ಹಾಕಲಿಲ್ಲ. ಕೊನೆಗೆ ಇಬ್ಬರ ಹೆಸರೂ ಒಂದೇ ಪ್ರಕಟಣೆಯಲ್ಲಿ ಬಂತು.

ಬೇರೆ ಕಡೆಯೂ 'ಸ್ವಲ್ಪ ದಿನ' ಹೀಗೇ ಉದ್ದವಾಯಿತು. ಫಿಲಿಪ್ಪೀನ್ಸ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಹೇರಿದ ಸೇನಾ ಕಾನೂನು 1981ರ ತನಕ ಇತ್ತು. ಈಜಿಪ್ಟಿನ ತುರ್ತು ಕಾನೂನು 1981ರಿಂದ 2012ರ ತನಕ. ಸಿರಿಯಾದ್ದು 1963ರಿಂದ 2011ರ ತನಕ, 48 ವರ್ಷ. ಅಲ್ಲಿ ತುರ್ತಿನಲ್ಲೇ ಹುಟ್ಟಿ, ತುರ್ತಿನಲ್ಲೇ ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಈಗೀಗ ಟ್ಯಾಂಕೂ ಬೇಕಾಗಿಲ್ಲ. ಹಂಗೆರಿಯಲ್ಲಿ 2010ರಲ್ಲಿ ಮೂರನೇ ಎರಡು ಬಹುಮತ ಸಿಕ್ಕ ಪಕ್ಷ ಸಂವಿಧಾನವನ್ನೇ ಹೊಸದಾಗಿ ಬರೆಯಿತು, ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿ ಹಿರಿಯರನ್ನು ಮನೆಗೆ ಕಳಿಸಿತು. ಎಲ್ಲಾ ಕಾಗದದ ಮೇಲೆ, ಕಾನೂನಿನ ಭಾಷೆಯಲ್ಲೇ.

ಇಷ್ಟೆಲ್ಲ ಬರೆಯೋ ನಾನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ನನಗೆ ಸ್ವಲ್ಪವೂ ಹಿಡಿಸದ ಒಬ್ಬ ಪತ್ರಕರ್ತನನ್ನು ಬಂಧಿಸಿದ ಸುದ್ದಿ ಬಂತು. "ಬೇಕಿತ್ತು ಅವನಿಗೆ" ಅಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಮಗಳು ಕೇಳಿದಳು, "ಏನ್ ಮಾಡಿದ್ದನಂತೆ ಅಪ್ಪ?" ನನಗೆ ಗೊತ್ತಿರಲಿಲ್ಲ. ಯಾವ ಆರೋಪ, ಯಾವ ಸೆಕ್ಷನ್, ಕೋರ್ಟಿಗೆ ಕರೆದುಕೊಂಡು ಹೋದರಾ, ಒಂದೂ ನೋಡಿರಲಿಲ್ಲ. ಆ ಕಡೆಯವನು ಅನ್ನೋದೊಂದೇ ಸಾಕಾಗಿತ್ತು ನನಗೆ. ಅವಳ ಮುಖ ನೋಡಿ ಸುಮ್ನೆ ಟಿವಿ ಆಫ್ ಮಾಡಿದೆ. ಆ ಪ್ರಶ್ನೆಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ತಡೆಯೋದು ಸಾಧ್ಯವೇ ಇಲ್ಲ ಅಂತಲೂ ಅಲ್ಲ. ಫಿನ್ಲೆಂಡ್ ನೋಡಿ. 1918ರಲ್ಲಿ ಕೆಂಪು ಪಡೆ, ಬಿಳಿ ಪಡೆ ಅಂತ ಅಣ್ಣತಮ್ಮಂದಿರೇ ಕಾದಾಡಿ ಮೂವತ್ತು ಸಾವಿರಕ್ಕೂ ಮೀರಿ ಜನ ಸತ್ತ ದೇಶ ಅದು. 1929ರಲ್ಲಿ ಲಾಪುವಾ ಅನ್ನುವ ಊರಿನಿಂದ ಉಗ್ರ ಬಲಪಂಥದ ಚಳವಳಿ ಎದ್ದಿತು. ಎಡದವರನ್ನು ಎತ್ತಿಹಾಕಿಕೊಂಡು ಹೋಗಿ ಹೊಡೆಯೋದು ಅವರ ಕಸುಬು. 1930ರಲ್ಲಿ ಮಾಜಿ ಅಧ್ಯಕ್ಷ ಸ್ಟೋಲ್‌ಬೆರಿ ಮತ್ತು ಅವರ ಹೆಂಡತಿಯನ್ನೇ ಹೆಲ್ಸಿಂಕಿಯಿಂದ ಹೊತ್ತೊಯ್ದರು. 1932ರ ಫೆಬ್ರವರಿ ಕೊನೆಗೆ ಮ್ಯಾಂಟ್ಸಾಲಾದಲ್ಲಿ ಬಂದೂಕು ಹಿಡಿದು ಸೇರಿ ಸರ್ಕಾರ ಇಳಿಯಬೇಕು ಅಂದರು.

ಆಗ ಅಧ್ಯಕ್ಷರಾಗಿದ್ದವರು ಸ್ವಿನ್‌ಹುವುದ್. ಕಟ್ಟಾ ಬಲಪಂಥೀಯ, ಬಿಳಿ ಪಡೆಯ ಕಡೆಯವರು. ಕಮ್ಯುನಿಸ್ಟರ ವಿರುದ್ಧ ಕಾನೂನು ಬಂದಾಗ ಪ್ರಧಾನಿ ಅವರೇ. ಲಾಪುವಾದವರು ಅವರನ್ನು ನಮ್ಮವರು ಅಂತಲೇ ನಂಬಿದ್ದರು. ಮಾರ್ಚ್ 2ರಂದು ಅವರು ರೇಡಿಯೊದಲ್ಲಿ ಮಾತಾಡಿದರು. ಇಡೀ ಬದುಕು ಕಾನೂನಿಗಾಗಿ ಹೋರಾಡಿದವನು ನಾನು, ಈಗ ಅದನ್ನು ತುಳಿಯೋಕೆ ಬಿಡಲ್ಲ, ಮನೆಗೆ ಹೋಗಿ ಅಂದರು. ಕೆಲವೇ ದಿನದಲ್ಲಿ ಹಿಮದಲ್ಲಿ ನಿಂತಿದ್ದವರು ಚದುರಿದರು, ಚಳವಳಿಯನ್ನು ನಿಷೇಧಿಸಲಾಯಿತು. ಅದೇ ಮಾತನ್ನು ಎಡದವರು ಹೇಳಿದ್ದರೆ ಅವರು ಇನ್ನಷ್ಟು ಉರಿಯುತ್ತಿದ್ದರು. ನಮ್ಮವರ ಬಾಯಿಂದ ಬಂದ 'ಬೇಡ' ಅನ್ನೋ ಮಾತಿಗೆ ಇರುವ ತೂಕವೇ ಬೇರೆ.

ಐಲ್ವಿನ್ ಕತೆ ಅಲ್ಲಿಗೆ ಮುಗಿಯಲಿಲ್ಲ. ಸೇನೆಯನ್ನು ಸಮರ್ಥಿಸಿದ್ದ ಅದೇ ಮನುಷ್ಯ ಮುಂದೆ ಅಯೆಂದೆಯ ಸೋಷಿಯಲಿಸ್ಟರ ಜೊತೆ ಒಂದೇ ವೇದಿಕೆಯಲ್ಲಿ ನಿಂತರು. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ನೂರಕ್ಕೆ 56 ಜನ ಪಿನೊಚೆಗೆ 'ಬೇಡ' ಅಂದರು. ಐಲ್ವಿನ್ ಅಧ್ಯಕ್ಷರಾದರು. 1991ರ ಮಾರ್ಚ್‌ನಲ್ಲಿ, ಸತ್ತವರ ಬಗ್ಗೆ ಆಯೋಗ ಕೊಟ್ಟ ವರದಿಯನ್ನು ಟಿವಿಯಲ್ಲಿ ದೇಶದ ಮುಂದಿಟ್ಟು, ಆ ಮನೆಯವರ ಕ್ಷಮೆ ಕೇಳಿದರು. ಕೇಳುವಾಗ ಅವರ ಗಂಟಲು ಕಟ್ಟಿತು.

ನಿನ್ನೆ ಗೆಳೆಯನಿಗೆ ನಾನೇ ಫೋನ್ ಮಾಡಿ ಈ ಕತೆಯೆಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದ: "ಸರಿ, ಆ ಮೂರು ವರ್ಷ ಅವರು ಹೇಗೆ ಕಾಯಬೇಕಿತ್ತು ಹೇಳು. ಅಂಗಡಿಯಲ್ಲಿ ಸಾಮಾನಿಲ್ಲ, ಬೀದಿಯಲ್ಲಿ ಜಗಳ."

"ಬೈಕೊಂಡು," ಅಂದೆ. "ಕೋರ್ಟಿಗೆ ಹೋಗಿ, ಸದನದಲ್ಲಿ ಅಡ್ಡ ಹಾಕಿ, ಮತ್ತೆ ಓಟಿಗೆ ನಿಂತು. ಕಾರ್ಡಿನಲ್ ಮನೆಗೆ ಇನ್ನೊಂದು ಸಲ ಊಟಕ್ಕೆ ಹೋಗಿ."

"ಕಷ್ಟ ಕಣೋ."

"ಹೌದು, ಕಷ್ಟ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ಆ 13 ಜನರ ಬಗ್ಗೆ ಕೇಳಿದ. ಅವರು ಏನಂತ ಬರೆದಿದ್ದರು, ಆಮೇಲೆ ಅವರಿಗೇನಾಯಿತು ಅಂತ. ಹುಡುಕಿ ಕಳಿಸುತ್ತೇನೆ ಅಂದಿದ್ದೇನೆ.